ಎರಡನೆಯ ಪೆಟ್ಟಿಗೆಗೆ ಎರಡನೆಯ ಮನೆ

ಹುಯೆ ಪಟ್ಟಣದ ಹೊಳೆದಂಡೆಯ ಓಣಿಗಳಲ್ಲಿ ಇರುವವರಿಗೆ ನೆರೆ ಬರುವ ತಿಂಗಳು ಹತ್ತಿರ ಬಂತೆಂದರೆ ಕೈಗೆ ಬಿಡುವಿಲ್ಲ. ಅಕ್ಕಿ ಡಬ್ಬ ಅಟ್ಟಕ್ಕೆ, ಹಾಸಿಗೆ ಅಟ್ಟಕ್ಕೆ, ಟಿವಿ ಅಟ್ಟಕ್ಕೆ. ಕೋಳಿಗಳನ್ನೂ ಅಟ್ಟಕ್ಕೆ ಹತ್ತಿಸಿ, ಅವು ಅಲ್ಲಿ ಮಾಡುವ ಗಲೀಜನ್ನು ನೀರು ಇಳಿದ ಮೇಲೆ ತೊಳೆಯುತ್ತಾರೆ. ಆದರೆ ಬೆಲೆಬಾಳುವ ವಸ್ತುವನ್ನು ಮಾತ್ರ ಅಟ್ಟದ ಇಲಿಗಳಿಗೆ ಒಪ್ಪಿಸುವುದಿಲ್ಲ. ಅದು ಹೋಗುವುದು ಹಿರಿಯರ ಫೋಟೊ ಇಟ್ಟ ಪೂಜಾ ಪೀಠದ ಮೇಲೆ. ಅದು ಎದೆಮಟ್ಟದ ಎತ್ತರದಲ್ಲಿರುತ್ತದೆ, ಜೊತೆಗೆ ಹಿರಿಯರ ಕಣ್ಣೂ ಅದರ ಮೇಲೆ ಇರುತ್ತದೆ ಎಂದು ಎಲ್ಲರ ನಂಬಿಕೆ.

ಟೋಪಿ ಹೊಲಿಯುವವರ ಓಣಿಯ ಮಿಯೆನ್ ಕೂಡ ಹಾಗೇ ಮಾಡಿದ್ದಳು. ಅವಳಿಗೆ ಐವತ್ತೆಂಟು ವರ್ಷ. ಬಿದಿರಿನ ಬಳೆಗಳ ಮೇಲೆ ತಾಳೆಯ ಎಲೆ ಹೊದಿಸಿ ಚೂಪು ತಲೆಯ ಟೋಪಿ ಹೊಲಿಯುವುದು ಅವಳ ಕಸುಬು. ಗಂಡ ಲುವಾನ್ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಪೀಠದ ಮೇಲೆ ಅವನ ಫೋಟೊ, ಫೋಟೊ ಮುಂದೆ ಅಗರಬತ್ತಿಯ ಬಟ್ಟಲು, ಬಟ್ಟಲಿನ ಪಕ್ಕ ಒಂದು ಕಪ್ಪು ಪೆಟ್ಟಿಗೆ. ಅದು ಮನೆಯ ವೈಫೈಗೆ ಜೋಡಿಸಿಡುವ ಸಂಗ್ರಹ ಪೆಟ್ಟಿಗೆ. ಫೋಟೊ, ವಿಡಿಯೊ, ದನಿ, ಕಾಗದಪತ್ರ ಎಲ್ಲವನ್ನೂ ಒಳಗಿಟ್ಟುಕೊಂಡು, ಮನೆಯವರ ಫೋನಿಗೆ ಕೇಳಿದಾಗ ಕೊಡುತ್ತದೆ. ಈ ಪೆಟ್ಟಿಗೆಯ ಒಳಗೆ ಲುವಾನನ ದನಿ ಇತ್ತು.

ಲುವಾನ್ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು. ಗಂಟಲಿನ ಕಾಯಿಲೆ ಎಂದು ಡಾಕ್ಟರು ಹೇಳಿದ ಮೇಲೆ, ಆಪರೇಷನ್ನಿನಲ್ಲಿ ದನಿ ಹೋಗುತ್ತದೆಂದು ಗೊತ್ತಾದ ಮೇಲೆ, ದಿನವೂ ಕೂತು ಓದಿ ಓದಿ ರೆಕಾರ್ಡ್ ಮಾಡಿದ. ಹಳೆಯ ವಾರಪತ್ರಿಕೆಯ ಕಥೆ, ಕ್ಯಾಲೆಂಡರಿನ ಹಾಳೆ, ಬೀಜದ ಪೊಟ್ಟಣದ ಹಿಂದಿನ ಸೂಚನೆ, ಕೈಗೆ ಸಿಕ್ಕಿದ್ದೆಲ್ಲ. ಕರಡು ಓದುವ ಚಟ ಅವನನ್ನು ಬಿಟ್ಟಿರಲಿಲ್ಲ. ವಾಕ್ಯದ ನಡುವೆ "ಅಲ್ಪವಿರಾಮ" ಎನ್ನುತ್ತಿದ್ದ, ಮುಗಿದಾಗ "ಪೂರ್ಣವಿರಾಮ" ಎನ್ನುತ್ತಿದ್ದ. ಬದುಕಿದ್ದಾಗ ಮಿಯೆನ್ ಇದಕ್ಕೆ ಅವನನ್ನು ಆಡಿಕೊಂಡು ನಗುತ್ತಿದ್ದಳು. ಈಗ ಆ ಪೂರ್ಣವಿರಾಮ ಕೇಳಿದ ಮೇಲೆಯೇ ಅವಳು ದಾರ ಎಳೆದು ಗಂಟು ಹಾಕುವುದು.

ಅವಳು ಅತ್ತು ಕರೆದು ಮಾಡುವವಳಲ್ಲ. ಆದರೆ ಒಬ್ಬರಿಗೆ ಮಾತ್ರ ಅನ್ನ ಅಳೆದು ಹಾಕುವುದು ಮೂರು ವರ್ಷವಾದರೂ ಅವಳ ಕೈಗೆ ಬಂದಿರಲಿಲ್ಲ. ದಿನವೂ ಇಬ್ಬರಿಗೆ ಬೇಯಿಸಿ, ಮಿಕ್ಕ ಪಾಲನ್ನು ಮರುದಿನ ಬೆಳಿಗ್ಗೆ ತಾನೇ ತಿನ್ನುತ್ತಿದ್ದಳು. ಮಧ್ಯಾಹ್ನ ಎರಡಕ್ಕೆ ಫೋನಿನಲ್ಲಿ ಅವನ ಒಂದು ಓದು ಹಚ್ಚಿ, ಟೋಪಿಯ ಅಚ್ಚಿನ ಮುಂದೆ ಕೂರುತ್ತಿದ್ದಳು. ಇಡೀ ದಿನದಲ್ಲಿ ಆ ಮನೆಯೊಳಗೆ ಕೇಳುತ್ತಿದ್ದ ಮನುಷ್ಯರ ಮಾತು ಅದೊಂದೇ.

ಆ ವರ್ಷ ಮಳೆ ಇನ್ನೂ ಹಿಡಿದಿರಲಿಲ್ಲ. ಒಂದು ಹುಣ್ಣಿಮೆಯ ಮಧ್ಯಾಹ್ನ, ಬಿಸಿಲು ಸುಡುತ್ತಿದ್ದಾಗ, ಕ್ಯಾಲೆಂಡರ್ ಹಾಳೆಯೊಂದನ್ನು ಓದುತ್ತಿದ್ದ ದನಿ, "ತಾವರೆ ಬೀಜ ಒಣಗಿಸುವವರು ಅಲ್ಪವಿರಾಮ ಮೋಡ ನೋಡಿಕೊಂಡು" ಎಂದು ಅಲ್ಲಿಗೇ ನಿಂತಿತು. ಪೀಠದ ಮೇಲೆ ಪೆಟ್ಟಿಗೆ ಕೀಚ್ ಕೀಚ್ ಎಂದು ಕೂಗಿ, ಕೆಂಪು ದೀಪ ತೋರಿಸಿ, ಆರಿಹೋಯಿತು. ಮಿಯೆನ್ ಸೂಜಿ ಹಿಡಿದುಕೊಂಡೇ ಕಾದಳು. ಮುಂದಿನ ಮಾತು ಬರಲಿಲ್ಲ. ಮರುದಿನವೂ ಬರಲಿಲ್ಲ. ಆ ಎರಡು ದಿನ ಹೊಲಿದ ಟೋಪಿಯಲ್ಲಿ ಬಳೆಗಳು ಹಿಂದುಮುಂದಾಗಿ, ಬಿಚ್ಚಿ ಹೊಲಿಯಬೇಕಾಯಿತು. ಮೂರನೇ ದಿನ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಮಗುವನ್ನು ಆಸ್ಪತ್ರೆಗೆ ಒಯ್ಯುವ ಹಾಗೆ ಎದೆಗವುಚಿಕೊಂಡು ಮಾರುಕಟ್ಟೆಯ ಹಿಂದಿನ ಸಂದಿಗೆ ನಡೆದಳು.

ಆ ಸಂದಿಯಲ್ಲಿ ಯುಂಗ್ ಎಂಬುವಳು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಳು. ನಲವತ್ತು ದಾಟಿದ ಹೆಂಗಸು, ಬಾಯಿ ಜೋರು. ವಾರ್ಡಿನ ಮಹಿಳಾ ಸಂಘದಲ್ಲಿ ಫೋನಿನ ಮೋಸಗಾರರಿಂದ ಪಾರಾಗುವುದು ಹೇಗೆ ಎಂದು ಪಾಠ ಹೇಳುವವಳೂ ಅವಳೇ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದವಳು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡಳು. ಫ್ಯಾನಿನ ರೆಕ್ಕೆಗಳ ಮೇಲೆ ಬೂದಿ, ಗಾಳಿಕಿಂಡಿಗಳಲ್ಲಿ ಬೂದಿ, ಡಿಸ್ಕುಗಳ ಮೈಮೇಲೆ ಬೂದಿ.

"ಅಕ್ಕಾ, ಇದನ್ನ ಎಲ್ಲಿ ಇಟ್ಟಿದ್ದೆ?"

"ಅವರ ಮುಂದೆ."

"ಅಂದ್ರೆ ಅಗರಬತ್ತಿ ಮುಂದೆ. ಭಾವನ ಪಾಲಿನ ಹೊಗೆಯೆಲ್ಲ ಇದೇ ಕುಡ್ಕೊಂಡು ಕೂತಿದೆ."

ಈ ಊರಲ್ಲಿ ಮಾತ್ರ ತಾನು ನೋಡುವ ರೋಗ ಇದು ಎಂದಳು ಯುಂಗ್. ಬೇರೆ ಕಡೆ ಪೆಟ್ಟಿಗೆ ಕೆಟ್ಟರೆ ಧೂಳಿಗೆ ಕೆಡುತ್ತದೆ, ಇಲ್ಲಿ ಭಕ್ತಿಗೆ ಕೆಡುತ್ತದೆ. ಫ್ಯಾನ್ ತಿರುಗದೆ ಕಾವು ಏರಿ ಪೆಟ್ಟಿಗೆ ತಾನಾಗಿ ನಿಂತಿತ್ತು. ಒಳಗಿದ್ದ ಎರಡು ಡಿಸ್ಕುಗಳಲ್ಲಿ ಒಂದು ಸತ್ತಿತ್ತು. ಇನ್ನೊಂದು ಕುಂಟುತ್ತಾ ಓಡುತ್ತಿತ್ತು. ಯುಂಗ್ ಮೊದಲು ಅದರಲ್ಲಿದ್ದುದನ್ನೆಲ್ಲ ಬೇರೊಂದು ಡಿಸ್ಕಿಗೆ ಇಳಿಸಿಕೊಂಡಳು. ಆಮೇಲೆ ಪೆಟ್ಟಿಗೆ ಒರೆಸಿ, ಫ್ಯಾನ್ ಬದಲಿಸಿ, ಹೊಸ ಡಿಸ್ಕ್ ಕೂರಿಸಿದಳು. ಒಂದು ದಿನ ಹಿಡಿಯಿತು. ಎಲ್ಲ ಓದುಗಳೂ ಉಳಿದಿದ್ದವು. ಕಾಯುತ್ತಾ ಸ್ಟೂಲಿನ ಮೇಲೆ ಕೂತಿದ್ದ ಮಿಯೆನ್‌ಗೆ ಅದನ್ನು ಹೇಳಿದಾಗ ಅವಳು ತಲೆಯಾಡಿಸಿ, ಟವೆಲನ್ನು ನಾಲ್ಕು ಸಲ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

"ಈಗ ಇನ್ನೊಂದು ಪೆಟ್ಟಿಗೆ ತಗೋ ಅಕ್ಕ," ಎಂದಳು ಯುಂಗ್.

ಮಿಯೆನ್ ಒಪ್ಪಲಿಲ್ಲ. ಒಳಗೆ ಎರಡು ಡಿಸ್ಕ್ ಇದೆಯಲ್ಲ, ಒಂದು ಹೋದರೆ ಒಂದು ಇರುತ್ತದೆ ಎಂದು ಲುವಾನನೇ ಹೇಳಿ ಹೋಗಿದ್ದಾನೆ ಎಂದಳು. ಹೀಗೆ ಹೇಳಿ ಅಂಗಡಿಯವರು ಇನ್ನೊಂದು ಸಾಮಾನು ತಗಲಿಸುವುದು ತನಗೆ ಗೊತ್ತಿಲ್ಲವೇ ಎಂದೂ ಸೇರಿಸಿದಳು. ಯುಂಗ್ ಸಿಟ್ಟು ಮಾಡಿಕೊಳ್ಳಲಿಲ್ಲ. ಮಿಯೆನ್ ಹಾಕಿಕೊಂಡು ಬಂದಿದ್ದ ಟೋಪಿಯನ್ನು ಮೇಜಿನಿಂದ ಎತ್ತಿಕೊಂಡಳು.

"ಇದಕ್ಕೆ ಎಷ್ಟು ಪದರ ಎಲೆ ಹಾಕಿದ್ದೀಯ?"

"ಎರಡು. ಯಾವಾಗಲೂ ಎರಡೇ."

"ಮೇಲಿಂದು ಹರಿದ್ರೆ ಒಳಗಿಂದು ಕಾಯುತ್ತೆ. ಸರಿ. ಸೇತುವೆ ಮೇಲೆ ಗಾಳಿ ಬೀಸಿ ಟೋಪಿನೇ ಹೊಳೆಗೆ ಹಾರಿಹೋದ್ರೆ, ಎರಡನೇ ಪದರ ನಿನ್ನ ತಲೆ ಮೇಲೆ ಉಳಿಯುತ್ತಾ?"

ಮಿಯೆನ್ ಟೋಪಿಯನ್ನು ವಾಪಸ್ ಎಳೆದುಕೊಂಡಳು. ಯುಂಗ್ ಬಿಡದೆ ವಿವರಿಸಿದಳು. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇದ್ದರೆ, ಒಂದು ಸತ್ತಾಗ ಮಾತ್ರ ಇನ್ನೊಂದು ಒದಗೀತು. ಸಿಡಿಲಿಗೆ ಕರೆಂಟು ನುಗ್ಗಿದರೆ ಎರಡೂ ಹೋಗುತ್ತವೆ. ಕಳ್ಳ ಎತ್ತಿದರೆ ಎರಡನ್ನೂ ಎತ್ತುತ್ತಾನೆ. ನೀನೇ ಕೈತಪ್ಪಿ ಒಂದು ಓದನ್ನು ಅಳಿಸಿದರೆ ಅದೇ ಕ್ಷಣ ಎರಡರಲ್ಲೂ ಅಳಿಯುತ್ತದೆ. ಬೇರೆ ಪೆಟ್ಟಿಗೆಯಲ್ಲಿ ಬೇರೆಯಾಗಿ ಇಟ್ಟದ್ದೇ ನಿಜವಾದ ನಕಲು.

ಮೊದಲನೆಯದರಷ್ಟು ದುಬಾರಿಯದು ಬೇಕೇ ಎಂದು ಮಿಯೆನ್ ಕೇಳಿದ್ದು ಸೋತವಳ ದನಿಯಲ್ಲಿ.

"ಬೇಡವೇ ಬೇಡ. ಎರಡನೇದು ದಿನಕ್ಕೊಂದ್ಸಲ ಎದ್ದು ನಕಲು ತಗೊಂಡು ಮಲಗೋ ಸೋಮಾರಿ. ಅದಕ್ಕೆ ಅಷ್ಟು ವೇಗ ಯಾಕೆ? ಒಂದು ಡಿಸ್ಕ್ ಹಿಡಿಯೋ ಚಿಕ್ಕ ಪೆಟ್ಟಿಗೆ ಸಾಕು. ಸಿನಿಮಾ ತೋರಿಸುತ್ತೆ, ಹಾಡು ಹೇಳುತ್ತೆ ಅಂತ ಯಾರಾದ್ರೂ ಬೆಲೆ ಏರಿಸಿದ್ರೆ ಎದ್ದು ಬಾ."

ಪೆಟ್ಟಿಗೆ ಬಳಸಿದ್ದಾದರೂ ಪರವಾಗಿಲ್ಲ, ಕಂಪನಿಯವರು ಅದಕ್ಕೆ ಭದ್ರತೆಯ ಅಪ್‌ಡೇಟ್ ಇನ್ನೂ ಕಳಿಸುತ್ತಿರಬೇಕು ಎಂದಳು. ಒಳಗಿನ ಡಿಸ್ಕ್ ಮಾತ್ರ ಹೊಸದೇ ಆಗಬೇಕು. ಅಲ್ಲಿ ದುಡ್ಡು ಉಳಿಸಲು ಹೋದರೆ ಎಲ್ಲವೂ ಹೋಗುತ್ತದೆ. ಈಗ ಇರುವುದಕ್ಕಿಂತ ಎರಡು ಪಟ್ಟು ಜಾಗ ಇರಲಿ, ಹಳೆಯ ನಕಲುಗಳನ್ನು ಕೆಲವು ವಾರ ಇಟ್ಟುಕೊಳ್ಳಲು ಬೇಕಾಗುತ್ತದೆ. ಆಗ ಇವತ್ತು ತಪ್ಪಿ ಅಳಿಸಿದ್ದನ್ನು ಮುಂದಿನ ವಾರ ಹುಡುಕಿ ತೆಗೆಯಬಹುದು. ಅದೇ ಕಂಪನಿಯದಾದರೆ ಎರಡನ್ನೂ ಹೊಂದಿಸುವುದು ಸುಲಭ, ಇಲ್ಲದಿದ್ದರೂ ಆಗದ ಕೆಲಸವಲ್ಲ. ಇಷ್ಟು ಹೇಳಿ ಅವಳು ಕಪಾಟಿನ ಹಿಂದಿನಿಂದ ಯಾವುದೋ ಆಫೀಸಿನವರು ಮಾರಿಹೋದ ಒಂದು ಚಿಕ್ಕ ಬಿಳಿ ಪೆಟ್ಟಿಗೆ ತೆಗೆದು ತೋರಿಸಿದಳು.

ಮಿಯೆನ್ ಅದನ್ನು ತಿರುಗಿಸಿ ನೋಡಿದಳು. ಸರಿ, ಪೀಠದ ಇನ್ನೊಂದು ಪಕ್ಕಕ್ಕೆ ಇಟ್ಟರಾಯಿತು ಎಂದಳು.

ಯುಂಗ್ ಹಣೆ ಒತ್ತಿಕೊಂಡಳು. "ಎರಡು ಟೋಪಿನೂ ಒಂದೇ ತಲೆ ಮೇಲೆ ಇಡ್ತೀನಿ ಅಂತೀಯಲ್ಲ. ಬೇರೆ ಮನೇಲಿ ಇಡಬೇಕು ಅಕ್ಕ. ನೀರು ಬರದ ಕಡೆ. ಇಂಟರ್ನೆಟ್ ಇದ್ರೆ ಸಾಕು, ಅಲ್ಲಿಂದಲೇ ನಕಲು ತಗೊಳ್ಳುತ್ತೆ. ನನ್ನ ಅಂಗಡೀಲಿ ಇಡೋಣ ಅಂದ್ರೆ ನಿನಗಿಂತ ಮೊದಲು ಮುಳುಗೋಳು ನಾನೇ. ನಿನಗೆ ಯಾರಿದ್ದಾರೆ, ಹೇಳು."

ಆ ಪ್ರಶ್ನೆಯನ್ನು ಮಿಯೆನ್ ಮನೆಗೆ ಹೊತ್ತುಕೊಂಡು ಬಂದಳು. ದಾರಿಯುದ್ದಕ್ಕೂ ಒಂದೊಂದೇ ಬಾಗಿಲು ನೆನೆಸಿಕೊಂಡಳು. ಪಕ್ಕದ ಮನೆಯವರು ಕಾಣುವುದು ನೆರೆ ಬಂದಾಗ ಮಾತ್ರ, ಅವರದ್ದೂ ಅದೇ ನೀರು. ಅಚ್ಚುಕೂಟದ ಗೆಳೆಯರು ಮೊದಲ ವರ್ಷದ ತಿಥಿಗೆ ಬಂದವರು ಎರಡನೆಯದಕ್ಕೆ ಬರಲಿಲ್ಲ. ಟೋಪಿ ಕೊಳ್ಳುವ ಸಾಹುಕಾರ್ತಿಗೆ ಟೋಪಿಯಷ್ಟೇ ಗೊತ್ತು. ತವರಿನವರು ಯಾರೂ ಉಳಿದಿರಲಿಲ್ಲ. ಬೆರಳು ಮಡಿಸಲು ಹೋದರೆ ಒಂದು ಬೆರಳೂ ಮಡಿಯಲಿಲ್ಲ. ಇಷ್ಟು ವರ್ಷ ತಾನು ಒಬ್ಬಳೇ ಎಂದುಕೊಂಡಿದ್ದಳು, ಆದರೆ ಅದರ ಅಳತೆ ತಿಳಿದಿದ್ದು ಒಂದು ಅಂಗೈ ಅಗಲದ ಪೆಟ್ಟಿಗೆ ಇಡಲು ಜಾಗ ಹುಡುಕಿದಾಗ.

ನಿಜ ಹೇಳಬೇಕೆಂದರೆ ಒಂದು ಬಾಗಿಲನ್ನು ಅವಳು ಬೇಕೆಂದೇ ಬಿಟ್ಟಿದ್ದಳು. ದಕ್ಷಿಣದ ಏರಿನ ಮೇಲೆ, ಯಾವ ನೆರೆಯೂ ತಲುಪದ ಕಡೆ, ಲುವಾನನ ತಂಗಿ ಥೋವಾ ಇದ್ದಳು. ಮನೆಯ ಮುಂಭಾಗದಲ್ಲೇ ಪಾಯಸದ ಅಂಗಡಿ. ಲುವಾನನ ನೂರನೇ ದಿನದ ಪೂಜೆಯಲ್ಲಿ, ಅಣ್ಣನ ಫೋಟೊ ಅಪ್ಪ ಅಮ್ಮನ ಫೋಟೊಗಳ ಪಕ್ಕ ತನ್ನ ಮನೆಯಲ್ಲಿರಬೇಕೆಂದು ಥೋವಾ ಹಟ ಹಿಡಿದಿದ್ದಳು. ಕಾಯಿಲೆಯಲ್ಲಿ ವಾರಕ್ಕೊಮ್ಮೆ ಬಂದು ಹೋದವರಿಗೆ ಈಗ ಫೋಟೊ ಯಾಕೆ ಎಂದು ಮಿಯೆನ್ ಎಲ್ಲರೆದುರು ಕೇಳಿಬಿಟ್ಟಿದ್ದಳು. ಅಂದಿನಿಂದ ಮಾತಿಲ್ಲ.

ಯುಂಗ್ ಬಂದು ಕಪ್ಪು ಪೆಟ್ಟಿಗೆಯನ್ನು ಅಗರಬತ್ತಿಯಿಂದ ದೂರ, ಕಿಟಕಿಯ ಪಕ್ಕದ ಎತ್ತರದ ಹಲಗೆಗೆ ಬದಲಿಸಿದಳು. ಬಿಳಿಯದನ್ನು ಅದರ ಪಕ್ಕದಲ್ಲೇ ತಂತಿಯಿಂದ ಜೋಡಿಸಿ ಮೊದಲ ದೊಡ್ಡ ನಕಲು ತೆಗೆದಳು. ಪರರ ಮನೆಯಲ್ಲಿ ಇರುವ ಪೆಟ್ಟಿಗೆ, ಒಳಗಿನದು ಯಾರಿಗೂ ತೆರೆಯದ ಹಾಗೆ ಪಾಸ್‌ವರ್ಡ್ ಹಾಕಿಕೋ ಎಂದಳು. ಆ ಮಾತು ಮಿಯೆನ್‌ಗೆ ತುಂಬ ಹಿಡಿಸಿತು. ಹಾಗಾದರೆ ಯಾರ ಮನೆಯಲ್ಲಿಟ್ಟರೂ ದನಿ ತನ್ನದೇ. ಉದ್ದನೆಯ ಪಾಸ್‌ವರ್ಡ್ ಬರೆದು ಬಾಯಿಪಾಠ ಮಾಡಿ ಚೀಟಿ ಒಲೆಗೆ ಹಾಕಿದಳು.

ಬಿಳಿ ಪೆಟ್ಟಿಗೆ ಮನೆ ಸಿಗದೆ ಒಂದು ವಾರ ಟೋಪಿಯ ಅಚ್ಚಿನ ಪಕ್ಕ ಕೂತಿತ್ತು. ಎಂಟನೇ ದಿನ ರೇಡಿಯೊದಲ್ಲಿ ಮಳೆಯ ಎಚ್ಚರಿಕೆ ಬಂತು. ಮಿಯೆನ್ ಪೆಟ್ಟಿಗೆಯನ್ನು ರೇನ್‌ಕೋಟಿನಲ್ಲಿ ಸುತ್ತಿ, ಬಾಡಿಗೆ ಬೈಕು ಹತ್ತಿ, ಯುಂಗ್‌ಳನ್ನೂ ಬರಹೇಳಿ ಏರು ಹತ್ತಿದಳು.

ಥೋವಾ ತಾವರೆ ಬೀಜದ ಪಾಯಸ ಸೌಟಿನಲ್ಲಿ ತಿರುವುತ್ತಿದ್ದಳು. ತಲೆಯೆತ್ತಿ ನೋಡಿ ಮತ್ತೆ ತಿರುವಿದಳು.

"ಅತ್ತಿಗೆ ದಾರಿ ತಪ್ಪಿ ಬಂದಳೋ? ಸತ್ತೋರಿಗೆ ಮುಟ್ಟುತ್ತೆ ಅಂತ ತಿಥಿಗೆ ಕಾಗದದ ಫೋನ್ ಸುಟ್ಟು ಕಳಿಸಿದ್ಯಂತಲ್ಲ. ಅಣ್ಣ ಫೋನ್ ಮಾಡಿ ಹೋಗು ಅಂದನೋ?"

ಮಿಯೆನ್ ಬಂದ ಕೆಲಸ ಹೇಳಿದಳು. ಒಂದು ಪ್ಲಗ್ಗು, ವೈಫೈ ಪೆಟ್ಟಿಗೆಯಿಂದ ಒಂದು ತಂತಿ, ಅಷ್ಟೇ ಬೇಕು, ಒಲೆಯ ಆವಿ ತಾಗಬಾರದು ಎಂದಳು. ಒಳಗೆ ಏನಿದೆ ಎಂದು ಥೋವಾ ಕೇಳಿದಳು.

"ನಿಮ್ಮಣ್ಣ ಓದಿದ್ದು. ಎಂಟು ತಿಂಗಳು ದಿನಾ ಓದಿದ್ರು."

ಸೌಟು ನಿಂತಿತು. "ಅವನ ದನಿ ಇದೆಯಾ? ಮೂರು ವರ್ಷದಿಂದ ನಿನ್ನ ಹತ್ರ ಇತ್ತಾ?"

ಮಿಯೆನ್ ನೆಲ ನೋಡಿದಳು. ಥೋವಾ ಸೌಟು ಕೆಳಗಿಟ್ಟು, ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿನಲ್ಲಿ ಬಟ್ಟಲುಗಳನ್ನು ಸರಿಸಿ ಜಾಗ ಮಾಡಿದಳು. ಯುಂಗ್ ತಂತಿ ಚುಚ್ಚಿದಳು. ಎರಡು ಪೆಟ್ಟಿಗೆಗಳೂ ಒಂದನ್ನೊಂದು ಗುರುತು ಹಿಡಿದವು. ಆದರೂ ಅವಳು ಹೊರಡಲಿಲ್ಲ. ವಾಪಸ್ ತೆಗೆದು ನೋಡದ ನಕಲನ್ನು ನಂಬಬೇಡಿ, ಈಗಲೇ ಇದರಿಂದ ಒಂದು ಓದು ತೆಗೆದು ಕೇಳಿಸಿ ಎಂದಳು. ಮಿಯೆನ್ ಎಡಗೈ ಅಡ್ಡ ಹಿಡಿದುಕೊಂಡು ಪಾಸ್‌ವರ್ಡ್ ಒತ್ತಿದಳು. ಥೋವಾ ಆ ಕೈಯನ್ನೂ ನೋಡಿದಳು.

ತೆಗೆದದ್ದು ಆವತ್ತು ಅರ್ಧಕ್ಕೆ ನಿಂತಿದ್ದ ಹಾಳೆ. "ತಾವರೆ ಬೀಜ ಒಣಗಿಸುವವರು ಅಲ್ಪವಿರಾಮ ಮೋಡ ನೋಡಿಕೊಂಡು ಹೊರಗೆ ಹರಡತಕ್ಕದ್ದು ಪೂರ್ಣವಿರಾಮ," ಎಂದಿತು ಲುವಾನನ ದನಿ.

ಥೋವಾ ನಗಲು ಹೋಗಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು. ಚಿಕ್ಕವಳಿದ್ದಾಗ ತನಗೆ ಪಾಠ ಓದಿ ಹೇಳುವಾಗಲೂ ಹೀಗೇ ಅನ್ನುತ್ತಿದ್ದ, ತಾನು ಪರೀಕ್ಷೆಯಲ್ಲಿ ಅಲ್ಪವಿರಾಮ ಎಂದು ಅಕ್ಷರದಲ್ಲೇ ಬರೆದು ಬಂದಿದ್ದೆ ಎಂದಳು. ಇನ್ನೊಂದು ಕೇಳಿಸು ಎನ್ನಲಿಲ್ಲ. ಮಿಯೆನ್‌ಳೂ ಕೇಳಿಸಲಿಲ್ಲ. ಅವಳು ಹೊರಟಾಗ ಥೋವಾ ಒಂದು ಡಬ್ಬಿ ಪಾಯಸ ಕಟ್ಟಿಕೊಟ್ಟಳು, ಇಬ್ಬರಿಗಾಗುವಷ್ಟು.

ನಾಲ್ಕನೇ ದಿನಕ್ಕೆ ಹೊಳೆ ಉಕ್ಕಿತು. ನೀರು ಮೊಣಕಾಲು ದಾಟಿತು, ಸೊಂಟ ದಾಟಿತು, ಆ ವರ್ಷ ಪೂಜಾ ಪೀಠವನ್ನೂ ಬಿಡಲಿಲ್ಲ. ಕೊನೆಯ ಗಳಿಗೆಯಲ್ಲಿ ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದು ಕೈಯಲ್ಲಿ ಒಂದನ್ನು ಮಾತ್ರ ಒಯ್ಯಬಹುದಾಗಿದ್ದಾಗ, ಮಿಯೆನ್ ಫೋಟೊ ತೆಗೆದುಕೊಂಡಳು. ಪೆಟ್ಟಿಗೆಯನ್ನು ಹಲಗೆಯ ಮೇಲೇ ಬಿಟ್ಟಳು. ಹಿಂದಿನ ತಿಂಗಳಾಗಿದ್ದರೆ ಅವಳಿಂದ ಅದು ಆಗುತ್ತಿರಲಿಲ್ಲ.

ಅಟ್ಟದಲ್ಲಿ ಮೂರು ದಿನ. ಕರೆಂಟಿಲ್ಲ, ಫೋನು ಸತ್ತಿತ್ತು, ಹೆಂಚಿನ ಮೇಲೆ ಮಳೆ. ಮಾತಾಡುವವರು ಯಾರೂ ಇಲ್ಲ ಎಂಬುದು ಹೊಸದಲ್ಲ, ಆದರೆ ಎರಡು ಗಂಟೆಯ ದನಿಯೂ ಇಲ್ಲದ ಮಧ್ಯಾಹ್ನ ಹೊಸದು. ದನಿ ಏರಿನ ಮೇಲೆ ಸುಖವಾಗಿದೆ ಎಂದು ಸಮಾಧಾನ ಹೇಳಿಕೊಂಡಳು. ಆಗ ಇನ್ನೊಂದು ಯೋಚನೆ ಬಂತು. ಈ ನೀರು ಇನ್ನೂ ಒಂದು ಆಳು ಏರಿದರೆ? ಪಾಸ್‌ವರ್ಡ್ ಇರುವುದು ತನ್ನ ತಲೆಯೊಳಗೆ ಮಾತ್ರ. ಲುವಾನ್ ಥೋವಾಳ ಕಪಾಟಿನಲ್ಲಿ, ಪಾಯಸದ ಬಟ್ಟಲುಗಳ ಹಿಂದೆ, ಬೀಗ ಹಾಕಿದ ಬಾಯಿಯಲ್ಲಿ ಕೂತಿರುತ್ತಾನೆ. ದಿನಾ ಒರೆಸುವ ತಂಗಿಗೆ ಒಂದು ಮಾತೂ ಆಡುವುದಿಲ್ಲ. ತಾನು ಅವನನ್ನು ನೀರಿನಿಂದ ಉಳಿಸಿ ತನ್ನ ಜಿಪುಣತನದಲ್ಲಿ ಮುಳುಗಿಸಿದ್ದೇನೆ ಎಂದು ಅವಳಿಗೆ ನಾಚಿಕೆಯಾಯಿತು. ಫೋಟೊ ಮುಂದೆ ಗಟ್ಟಿಯಾಗಿ ತಪ್ಪಾಯಿತು ಎಂದಳು. ಮೂರು ದಿನದಲ್ಲಿ ಆಡಿದ ಮೊದಲ ಮಾತು ಅದು.

ನೀರು ಇಳಿದಾಗ ಕಪ್ಪು ಪೆಟ್ಟಿಗೆಯ ತುಂಬ ಕೆಸರು. ಯುಂಗ್ ಅದನ್ನು ಅಲ್ಲಾಡಿಸಿ ನೋಡಿ ಗುಜರಿ ಬುಟ್ಟಿಗೆ ಹಾಕಿದಳು. ಇನ್ನೊಂದು ಪೆಟ್ಟಿಗೆ ತಂದು, ಏರಿನ ಮೇಲಿನ ನಕಲಿನಿಂದ ಎಲ್ಲವನ್ನೂ ತುಂಬಿಕೊಟ್ಟಳು. ಒಂದು ಓದೂ ಕಡಿಮೆಯಿರಲಿಲ್ಲ. ಮಿಯೆನ್ ಎಣಿಸಲಿಲ್ಲ, ಅಚ್ಚು ತೊಳೆದು ಒಣಗಿಸಿ ಟೋಪಿ ಹೊಲಿಯಲು ಕೂತಳು.

ಹುಯೆಯ ಟೋಪಿಗಳಲ್ಲಿ ಎರಡು ಪದರ ಎಲೆಗಳ ನಡುವೆ ಕಾಗದದಲ್ಲಿ ಕತ್ತರಿಸಿದ ಪದ್ಯದ ಸಾಲು ಇಡುವುದುಂಟು. ಹಾಗೆ ನೋಡಿದರೆ ಕಾಣುವುದಿಲ್ಲ, ಬಿಸಿಲಿಗೆ ಹಿಡಿದರೆ ಕಾಣುತ್ತದೆ. ಲುವಾನನ ತಿಥಿಯ ದಿನ ಮಿಯೆನ್ ಫೋಟೊವನ್ನೂ ಒಂದು ಟೋಪಿಯನ್ನೂ ತೆಗೆದುಕೊಂಡು ಏರು ಹತ್ತಿದಳು. ಊಟಕ್ಕೆ ಚಾಪೆ ಹಾಸುವವರೆಗೆ ಫೋಟೊವನ್ನು ಅತ್ತೆ ಮಾವನ ಫೋಟೊಗಳ ಪಕ್ಕ ಇಟ್ಟಳು. ಟೋಪಿಯನ್ನು ಥೋವಾಳ ಕೈಗೆ ಕೊಟ್ಟಳು.

"ನನ್ನ ಹತ್ರ ಟೋಪಿ ಇದೆಯಲ್ಲ ಅತ್ತಿಗೆ."

"ಇದನ್ನ ಅಂಗಳಕ್ಕೆ ಹೋಗಿ ನೋಡು. ಪೆಟ್ಟಿಗೆ ಹತ್ರ ನೇತು ಹಾಕಬೇಡ, ಒಳಗಿಡು."

ಥೋವಾ ಅಂಗಳಕ್ಕೆ ಹೋಗಿ ಟೋಪಿಯನ್ನು ಬಿಸಿಲಿಗೆ ಎತ್ತಿ ಹಿಡಿದಳು. ಪದ್ಯ ಇರಬೇಕಾದ ಕಡೆ ಅಕ್ಷರ ಅಂಕಿಗಳ ಅರ್ಥವಿಲ್ಲದ ಉದ್ದನೆಯ ಸಾಲು ಇತ್ತು. ಅದು ಏನೆಂದು ತಿಳಿಯಲು ಅವಳಿಗೆ ತುಸು ಹೊತ್ತು ಹಿಡಿಯಿತು. ಅತ್ತಿಗೆ ಅಂದು ಕೈ ಅಡ್ಡ ಹಿಡಿದು ಒತ್ತಿದ್ದು ಇದನ್ನೇ ಎಂದು ತಿಳಿದ ಮೇಲೆ ಟೋಪಿಯನ್ನು ಇಳಿಸದೆ ಹಾಗೇ ನಿಂತಿದ್ದಳು.

ಮಿಯೆನ್ ಈಗಲೂ ಒಬ್ಬಳೇ ಇದ್ದಾಳೆ. ಈಗಲೂ ಇಬ್ಬರ ಅನ್ನ ಬೇಯಿಸುತ್ತಾಳೆ. ಆದರೆ ಎರಡು ಗಂಟೆಗೆ ಆ ದನಿ ಎರಡು ಮನೆಗಳಲ್ಲಿ ಓದುತ್ತದೆ, ಪೂರ್ಣವಿರಾಮ ಬಂದ ಮೇಲೆ ಕೆಲವು ದಿನ ಥೋವಾಳ ಕರೆಗೆ ಅವಳ ಫೋನು ಒದರುತ್ತದೆ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಂದು ಪೆಟ್ಟಿಗೆ ಇದ್ದೀತು, ಇಲ್ಲವೇ ಒಂದು ಹಳೆಯ ಫೋನು. ಅದರಲ್ಲಿ ಇರುವುದು ಇನ್ನೊಂದು ಕಡೆ ಇದೆಯೇ ಎಂದು ಇವತ್ತೇ ನೋಡಿ. ಇಲ್ಲದಿದ್ದರೆ ಅಗ್ಗದ್ದೊಂದು ಎರಡನೆಯ ಪೆಟ್ಟಿಗೆ ತನ್ನಿ, ಡಿಸ್ಕ್ ಮಾತ್ರ ಹೊಸದು ಹಾಕಿಸಿ, ಬೇರೆ ಮನೆಯಲ್ಲಿಡಿ, ಒಮ್ಮೆ ವಾಪಸ್ ತೆಗೆದು ಕೇಳಿ, ನಂಬುವ ಒಬ್ಬರಿಗೆ ಪಾಸ್‌ವರ್ಡ್ ತಿಳಿಸಿ. ಯಾರ ಮನೆಯಲ್ಲಿಡಲಿ ಎಂದು ಹುಡುಕುವಾಗ ಒಂದು ಹೆಸರೂ ನೆನಪಿಗೆ ಬರದಿದ್ದರೆ, ಮಾತು ಬಿಟ್ಟವರ ಮನೆಯ ದಾರಿ ನಿಮಗೆ ಗೊತ್ತೇ ಇದೆ. ನೆರೆ ಬರುವ ಮುಂಚೆ ಹೋಗಿ ಬನ್ನಿ.